ಹೆಂಗಸರ ಆಟದಲ್ಲಿ ವನ್ಸ್ ಮೋರ್

ಮೊನ್ನೆ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ತಮ್ಮನ ಮೊಮ್ಮಗಳ ಜೊತೆ ಶಿಕಾರಿಪುರದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಹಗಲುವೇಷದವನೊಬ್ಬ ರಟ್ಟಿನ ಕಿರೀಟ ಇಟ್ಟುಕೊಂಡು ನನ್ನೆದುರು ಬಂದು ನಿಂತ. ಮುಖದ ಬಣ್ಣ ಬಿಸಿಲಿಗೆ ಕರಗಿ ಕಿವಿಯ ಹತ್ತಿರ ಇಳಿಯುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಅವನು ಏನು ಹೇಳಿದನೋ ಒಂದೂ ಕೇಳಲಿಲ್ಲ. ಕೈಗೆ ಸಿಕ್ಕ ನೋಟು ಕೊಟ್ಟು ಕಳಿಸಿದೆ.

"ಅಜ್ಜಿ, ಅದು ನೂರರ ನೋಟು!" ಎಂದು ಹುಡುಗಿ ಕಿವಿಯಿಂದ ಹಾಡಿನ ತಂತಿ ಕಿತ್ತು ಕೂಗಿದಳು.

"ಇರ್ಲಿ ಬಿಡೆ. ನೀ ಏನ್ ಕೇಳ್ತಿದ್ದಿ ಅಷ್ಟೊತ್ತಿಂದ?"

ಯಾರೋ ಹುಡುಗಿಯ ಹಾಡಂತೆ. ಪ್ರೀತಿಸಿದವನು ಕೈಬಿಟ್ಟನಂತೆ, ಅವಳು ಅಳುವುದಿಲ್ಲವಂತೆ, ಹೋದರೆ ಹೋಗು ನಾನು ಚೆನ್ನಾಗಿಯೇ ಇದ್ದೇನೆ ಅನ್ನುತ್ತಾಳಂತೆ. ಊರೆಲ್ಲ ಅದನ್ನೇ ಕೇಳುತ್ತಿದೆಯಂತೆ. ಎಲ್ಲ ವಿವರಿಸಿ ಕೊನೆಗೆ, "ನಿಮ್ ಕಾಲದಾಗೆ ಇಂಥ ಹಾಡು ಎಲ್ಲಿತ್ತಜ್ಜಿ? ಬರೀ ಅಳೋ ಹಾಡೇ," ಎಂದಳು.

ನನಗೆ ಸರ್ರನೆ ಸಿಟ್ಟು ಬಂತು. ಗಂಡಸು ಕೈಬಿಟ್ಟದ್ದು ಇವರಿಗೇ ಮೊದಲು, ಕಣ್ಣೊರೆಸಿಕೊಂಡು ಎದ್ದದ್ದೂ ಇವರೇ ಮೊದಲು! ಏನೇ ನಿನ್ನ ತಲೆ ಎಂದು ಬೈಯುವಷ್ಟರಲ್ಲಿ ಬಸ್ಸು ಬಂತು. ನೂಕುನುಗ್ಗಲಲ್ಲಿ ಸೀಟು ಹಿಡಿಯುವುದೇ ದೊಡ್ಡದಾಯಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನಮ್ಮಪ್ಪನದು ಶಿರಾಳಕೊಪ್ಪದ ಪೇಟೆಯಲ್ಲಿ ಕಿರಾಣಿ ಅಂಗಡಿ. ಬೀದಿಗೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಾಚೆ ಒಣಮೆಣಸಿನಕಾಯಿ ತುಂಬುವ ಮಳಿಗೆ. ನನ್ನನ್ನು ಸೊರಬ ತಾಲ್ಲೂಕಿನಲ್ಲಿ ಕುಬಟೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಒಳ್ಳೆಯ ಗದ್ದೆ, ಕೆರೆ ನೀರು, ಮರ್ಯಾದಸ್ಥರ ಮನೆ ಎಂದು ಎಲ್ಲರೂ ಹೊಗಳಿದ್ದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ನನ್ನ ಗಂಡ ಅನ್ನಿಸಿಕೊಂಡವನು ಇನ್ನೊಬ್ಬಳನ್ನು ಕರೆತಂದು ಮನೆಯಲ್ಲೇ ಇಟ್ಟುಕೊಂಡ. ಅವಳಿಗೆ ಕೋಣೆ, ನನಗೆ ಅಡುಗೆಮನೆ. ನಾನು ಅವಳಿಗೂ ರೊಟ್ಟಿ ಬಡಿದು ಹಾಕಬೇಕು.

ಅತ್ತೆ ಕೆಟ್ಟವರಾಗಿದ್ದರೆ ಹೊಡೆದಾಡಿಕೊಂಡಾದರೂ ಇರುತ್ತಿದ್ದೆ. ಅವರು ಕೆಟ್ಟವರಲ್ಲ. ನಾನು ಅತ್ತಾಗೆಲ್ಲ ಪಕ್ಕದಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು. "ನಿಮ್ಮ ಮಾವ ಎಂತ ಕಮ್ಮಿ ಇದ್ದರೇನೆ? ನಾನೂ ಸಹಿಸಿದೆ. ಸತ್ತೆನಾ? ಸಾಯ್ಲಿಲ್ಲ. ನೀನೂ ಸಾಯದಿಲ್ಲ ಬಿಡು." ಆ ಸಮಾಧಾನ ಕೇಳಿ ಕೇಳಿ ನನಗೆ ಹುಚ್ಚು ಹಿಡಿಯುವಂತಾಗಿತ್ತು. ಅವ್ವನಿಗೆ ಮೈಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ.

ತವರಿಗೆ ಬಂದರೆ ಬಿಡುಗಡೆ ಅಂದುಕೊಂಡಿದ್ದೆ, ನೋಡಿ ನನ್ನ ಬುದ್ಧಿ! ಗಂಡನ ಮನೆ ಬಿಟ್ಟು ಬಂದು ಕೂತವಳು ಅಂಗಡಿಯ ಕಡೆ ಸುಳಿಯುವಂತಿಲ್ಲ, ಗಿರಾಕಿಗಳು ನೋಡುತ್ತಾರೆ. ಜಗಲಿಗೆ ಬರುವಂತಿಲ್ಲ, ಬೀದಿಯವರು ಕೇಳುತ್ತಾರೆ. ಮದುವೆ ಮುಂಜಿಗೆ ಹೋಗುವಂತಿಲ್ಲ, ಯಾಕೆ ಬಂದಳು ಎಂದು ಆರತಿ ಎತ್ತುವವರು ಮುಖ ಮುಖ ನೋಡಿಕೊಳ್ಳುತ್ತಾರೆ. ಯಾರಾದರೂ ಮನೆಗೆ ಬಂದರೆ ಅವ್ವ ಕಣ್ಣಿನಲ್ಲೇ "ಒಳಗೋಗು" ಅನ್ನುತ್ತಿದ್ದಳು. ಒಳಗೆ ಅಂದರೆ ಎಲ್ಲಿ? ಅಡುಗೆಮನೆ, ಅಲ್ಲಿಂದ ಹಿತ್ತಲು, ಹಿತ್ತಲಲ್ಲಿ ಬಾವಿ. ಅಷ್ಟೇ ನನ್ನ ರಾಜ್ಯ. ಅಲ್ಲೂ ಅಡುಗೆಮನೆ, ಇಲ್ಲೂ ಅಡುಗೆಮನೆ. ಗೋಡೆಯ ಮಸಿ ಮಾತ್ರ ಬೇರೆ.

ಆ ಸಲ ಸುಗ್ಗಿ ಮುಗಿಯುತ್ತಿದ್ದಂತೆ ಊರಿಗೆ ಒಂದು ನಾಟಕ ಕಂಪನಿ ಬಂತು. ಗದಗ ಕಡೆಯವರು. ಸಂತೆ ಮೈದಾನದ ಪಕ್ಕದಲ್ಲಿ ಬಿದಿರು, ತಗಡು ಹಾಕಿ ಥೇಟರು ಕಟ್ಟಿದರು. ಭತ್ತ ಮಾರಿದ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಹಳ್ಳಿಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಕಂಪನಿಯ ಹೆಂಗಸರಿಗೆ ಇಳಿದುಕೊಳ್ಳಲು ಜಾಗ ಬೇಕೆಂದು ಮಾಲಕರು ಕೇಳಿದಾಗ ಅಪ್ಪ ನಮ್ಮ ಮೆಣಸಿನಕಾಯಿ ಮಳಿಗೆ ಖಾಲಿ ಮಾಡಿಸಿ ಕೊಟ್ಟ. ಮಾಲು ಹೋದರೂ ಘಾಟು ಹೋಗಬೇಕಲ್ಲ! ಹಾಡುವ ಹೆಂಗಸರು ಅಲ್ಲಿ ಬಾಯಿ ತೆರೆದರೆ ಸಾಕು, ಕೆಮ್ಮು. ಹಾಗಾಗಿ ಕಂಪನಿಯ ಮುಖ್ಯ ಗಾಯಕಿ ಚಂಪಾಬಾಯಿ ಬೆಳಿಗ್ಗೆ ಸ್ವರ ಸಾಧನೆಗೆ ನಮ್ಮ ಬಾವಿಕಟ್ಟೆಗೆ ಬಂದು ಕೂರುವುದು ರೂಢಿಯಾಯಿತು.

"ಆ ಹೆಂಗಸ್ರ ಹತ್ರ ಮಾತು ಇಟ್ಕೋಬ್ಯಾಡ," ಎಂದು ಅವ್ವ ಮೊದಲ ದಿನವೇ ಹೇಳಿದಳು. ಇಟ್ಟುಕೊಳ್ಳದೆ ಏನು ಮಾಡಲಿ? ಇರುವುದು ಒಂದು ಬಾವಿ, ಒಂದು ಹಗ್ಗ.

ಚಂಪಾಬಾಯಿಗೆ ಮೂವತ್ತರ ಆಸುಪಾಸು. ಕಪ್ಪು ಬಣ್ಣ, ಅಗಲ ಬಾಯಿ, ಗಂಡಸಿನಂಥ ನಗು. ರಂಗದ ಮೇಲೆ ಬಿಳಿ ಬಣ್ಣ ಬಳಿದುಕೊಂಡು ಬಂದಾಗ ಇವಳೇ ಅವಳು ಎಂದು ಯಾರೂ ನಂಬುತ್ತಿರಲಿಲ್ಲ. ಅವಳ ಕಥೆ ಊರಿಗೆಲ್ಲ ಗೊತ್ತಿತ್ತು, ಯಾಕೆಂದರೆ ಕಂಪನಿಯವರೇ ಅದನ್ನು ಹರಡಿದ್ದರು. ನಾಟಕದಲ್ಲಿ ನಾಯಕನ ಪಾತ್ರ ಮಾಡುವವನೂ ಅವಳೂ ವರ್ಷಗಟ್ಟಲೆ ಗಂಡ ಹೆಂಡಿರಂತೆಯೇ ಇದ್ದವರು. ಇವತ್ತು ಮಾಲೆ ಹಾಕುತ್ತೇನೆ ನಾಳೆ ಹಾಕುತ್ತೇನೆ ಎಂದು ಹೇಳುತ್ತಿದ್ದವನು ಹಿಂದಿನ ಊರಿನ ಕ್ಯಾಂಪಿನಲ್ಲಿ ಕಂಪನಿಯ ಮಾಲಕರ ಮಗಳಿಗೆ ತಾಳಿ ಕಟ್ಟಿಬಿಟ್ಟ. ಬಿಟ್ಟು ಹೋದವನು ಊರು ಬಿಟ್ಟಾದರೂ ಹೋಗಬಾರದೆ? ಇಲ್ಲ. ಅವನೇ ನಾಯಕ, ಇವಳೇ ನಾಯಕಿ. ನಾಟಕವೋ, ಗಂಡ ಬಿಟ್ಟ ಹೆಂಡತಿಯದು. ಕಡೆಯ ಅಂಕದಲ್ಲಿ ಅವನು ತಿರುಗಿ ಬರುತ್ತಾನೆ, ಇವಳು ನಿಮ್ಮ ಪಾದವೇ ಗತಿ ಎಂದು ಅಳುತ್ತ ಹಾಡಿ ಅವನ ಕಾಲು ತೊಳೆಯಬೇಕು. ಖರೇ ತಂಬಿಗೆ, ಖರೇ ನೀರು, ಅದೇ ಮನುಷ್ಯನ ಕಾಲು.

ಮಾಲಕರು ಬುದ್ಧಿವಂತರು. ಜಟಕಾದಲ್ಲಿ ಡಂಗುರ ಹೊಡೆಸುತ್ತ ಕೂಗಿಸುತ್ತಿದ್ದರು: "ಬನ್ನಿ, ನೋಡಿ, ಚಂಪಾಬಾಯಿಯವರ ನಿಜವಾದ ಕಣ್ಣೀರು!" ನಾಚಿಕೆಗೆಟ್ಟವರು. ಆದರೆ ಜನ ಅದಕ್ಕೇ ಬರುತ್ತಿದ್ದರು. ಅವಳು ಅಳುವ ಹಾಡು ಮುಗಿಯುತ್ತಿದ್ದಂತೆ ಗಂಡಸರು "ವನ್ಸ್ ಮೋರ್" ಎಂದು ಕೂಗುವುದು, ಅವಳು ಮತ್ತೆ ಮೊದಲಿನಿಂದ ಅಳುವುದು. ಕಂಪನಿಗಳ ಪದ್ಧತಿಯೇ ಅದು. ವನ್ಸ್ ಮೋರ್ ಬಿದ್ದ ಹಾಡನ್ನು ಮತ್ತೆ ಹಾಡಲೇಬೇಕು. "ಪ್ರೇಕ್ಷಕರು ದೇವರು, ವನ್ಸ್ ಮೋರ್ ದೇವರ ಅಪ್ಪಣೆ," ಎಂದು ಮಾಲಕರು ಪ್ರತಿ ಆಟದ ಮೊದಲು ಪರದೆಯ ಮುಂದೆ ನಿಂತು ಕೈಮುಗಿದು ಹೇಳುತ್ತಿದ್ದರು. ಒಮ್ಮೆ ಕೂಗು ಬಿದ್ದರೆ ಆ ಹಾಡು ಕಂಪನಿಯಲ್ಲಿ ಕಾಯಂ. ಬೀಳದ ಹಾಡನ್ನು ಮರುದಿನ ಕಿತ್ತು ಬಿಸಾಡುತ್ತಿದ್ದರು.

"ಒಂದ ಆಟಕ್ಕ ಎಷ್ಟ ಸಲ ಅಳಬೇಕವ್ವ ನಾ?" ಎಂದು ಚಂಪಾಬಾಯಿ ಬಾವಿಕಟ್ಟೆಯ ಮೇಲೆ ಕೂತು ಬಾಯಿ ಮುಕ್ಕಳಿಸುತ್ತ ಕೇಳಿದಳು. ನಾವಿಬ್ಬರೂ ಆಡಿದ ಮೊದಲ ದೊಡ್ಡ ಮಾತು ಅದೇ ಇರಬೇಕು. "ಮೊದಲ ಖರೇನ ಅಳು ಬರ್ತಿತ್ತು. ಈಗ ಬರೂದಿಲ್ಲ. ಅವನ ಹಿಮ್ಮಡಿ ನೋಡೀರೇನು? ಕೆರಿ ಮಣ್ಣು ಬಿರಿದ್ಹಂಗ ಬಿರದಾವ. ಅದನ್ನ ಹಿಡದು ತೊಳಕೋತ ಅಳು ಎಲ್ಲಿಂದ ತರಲಿ? ಉಳ್ಳಾಗಡ್ಡಿ ಹಚ್ಚಿಕೊಂಡು ಹೋಗ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ಒಳಗಿನಿಂದ ಅವ್ವ, "ಯಾರೇ ಅದು ನಗೋದು?" ಎಂದಳು, ಕಳ್ಳರು ಬಂದಿದ್ದಾರೇನೋ ಅನ್ನುವಂತೆ.

"ಕಂಪನಿ ಬಿಟ್ಟು ಹೋಗ್ಬಾರ್ದೇನ್ರಿ?" ಎಂದು ನಾನು ಕೇಳಿದೆ.

"ಎಲ್ಲಿಗೆ? ಈ ಕಂಪನ್ಯಾಗ ಹುಟ್ಟಿದಾಕಿ ನಾನು. ನಮ್ಮವ್ವ ಇದ ಪರದೆ ಹಿಂದ ಸತ್ತಳು. ಬ್ಯಾರೆ ಕಂಪನಿಯವರು ಕರದರ ಅಲ್ಲೂ ಇದ ಹಾಡ ಕೇಳ್ತಾರ. ನನ್ನ ಹೆಸರು ಅಂದ್ರ ಈ ಅಳೂ ಹಾಡು. ನೀವು ಎಲ್ಲಿಗೆ ಹೋಗ್ತೀರಿ ಹೇಳ್ರಿ, ಅಲ್ಲಿಗೇ ನಾನೂ ಬರ್ತೀನಿ."

ನಾನು ಕೊಡ ಎಳೆದೆ. ನಾನಾದರೂ ಎಲ್ಲಿಗೆ ಹೋಗಲಿ!

ಹೀಗೆ ದಿನಾ ಬೆಳಿಗ್ಗೆ ನಾನು ನೀರು ಸೇದುವುದು, ಅವಳು ಸ್ವರ ಹಿಡಿಯುವುದು, ನಡುನಡುವೆ ಮಾತು. ಒಂದು ದಿನ ಅಪ್ಪ ಸೊರಬಕ್ಕೆ ಹೇಳಿ ಕಳಿಸಿದ್ದಾನೆ, ಅತ್ತೆಯೇ ಬಂದು ನನ್ನನ್ನು ಕರೆದೊಯ್ಯುತ್ತಾರೆ ಎಂದು ಗೊತ್ತಾಯಿತು. ಅಪ್ಪ ಕೆಟ್ಟವನಲ್ಲ, ಜನಕ್ಕೆ ಹೆದರುವವನು. "ಎಷ್ಟು ದಿನ ಅಂತ ಇಟ್ಕೊಳ್ಳೋದವ್ವ? ನಾಳೆ ನಿನ್ ತಮ್ಮಂಗೆ ಯಾರು ಹೆಣ್ಣು ಕೊಡ್ತಾರೆ?" ಎಂದ. ಅವನ ಕಣ್ಣಲ್ಲೂ ನೀರಿತ್ತು. ನನಗೇನು ಉಪಯೋಗ ಆ ನೀರಿನಿಂದ? ಸಂತೆಯ ದಿನ ಅತ್ತೆ ಬರುವುದು, ಮರುದಿನ ಬೆಳಿಗ್ಗೆ ಉಡಿ ತುಂಬಿ ಕಳಿಸುವುದು ಎಂದು ನಿಶ್ಚಯವಾಗಿತ್ತು. ನಮ್ಮಲ್ಲಿ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬಳೆ, ರವಿಕೆ ಕಣ ಹಾಕಿ ಉಡಿ ತುಂಬಿದರೆ ಮುಗಿಯಿತು. ಆಮೇಲೆ ಅವಳು ಹೊಸಿಲು ದಾಟಲೇಬೇಕು. ಉಡಿ ತುಂಬಿಸಿಕೊಂಡು ಹೋಗುವುದಿಲ್ಲ ಎಂದವಳು ನಮ್ಮ ಪೈಕಿ ಒಬ್ಬಳೂ ಇಲ್ಲ.

ಆ ದಿನ ಬಾವಿಯ ಹತ್ತಿರ ಒರಳಿಗೆ ಒರಗಿ ಅತ್ತುಬಿಟ್ಟೆ ನೋಡಿ, ಹಾಗೆ ನಾನು ಮೊದಲೂ ಅತ್ತಿರಲಿಲ್ಲ, ಆಮೇಲೂ ಅತ್ತಿಲ್ಲ. ಚಂಪಾಬಾಯಿ ಸಮಾಧಾನ ಹೇಳಲಿಲ್ಲ. ಕೊಡದಲ್ಲಿದ್ದ ನೀರನ್ನು ತಂಬಿಗೆಗೆ ಬಗ್ಗಿಸಿ ನನ್ನ ಮುಂದೆ ಹಿಡಿದಳು.

"ಅತ್ತಿದ್ದು ಸಾಕು. ಮಾರಿ ತೊಳಕೊ."

ನಾನು ತೊಳೆದುಕೊಂಡೆ. ಅವಳು ಅದೇ ಮಾತನ್ನು ಮತ್ತೊಮ್ಮೆ ಅಂದಳು, ಈ ಸಲ ಸ್ವಲ್ಪ ಎಳೆದು. ಮೂರನೆಯ ಸಲ ಅದು ಹಾಡಾಗಿತ್ತು. ಯಾವ ಮಟ್ಟು ಗೊತ್ತೇ? ದಿನಾ ಅಳುತ್ತಿದ್ದಳಲ್ಲ, ಅದೇ ಹಾಡಿನ ಮಟ್ಟು. ಧಾಟಿ ಅದೇ, ಮಾತು ಬೇರೆ. ಅವಳಿಗೇ ಆಶ್ಚರ್ಯವಾಗಿ ತೊಡೆ ತಟ್ಟಿಕೊಂಡಳು.

"ನಿಮ್ಮ ಗಂಡ ಆಕೀನ್ನ ತಂದ ಮ್ಯಾಲೆ ನೀವೇನ್ ಮಾಡ್ತಿದ್ರಿ? ಖರೇ ಹೇಳ್ರಿ," ಎಂದು ಕೇಳಿದಳು.

"ಏನ್ ಮಾಡೋದು? ಅಡುಗೆಮನೇಲಿ ಕೂತು ಅವನ ಹೆಜ್ಜೆ ಎಣಿಸ್ತಿದ್ದೆ. ನನ್ ಬಾಗಿಲ ಮುಂದೆ ನಿಲ್ತಾನೋ, ದಾಟಿ ಹೋಗ್ತಾನೋ ಅಂತ."

ಅವಳು ಕೊಡದ ಮೇಲೆ ಬೆರಳಿನಿಂದ ತಾಳ ಹಾಕಿದಳು. ಆಮೇಲೆ, "ಅದನ್ನೂ ಹಾಡಿಗೆ ಹಾಕೂಣು," ಎಂದಳು. ಸಂತೆ ಬರುವಷ್ಟರಲ್ಲಿ ಹಾಡು ಪೂರ್ತಿಯಾಯಿತು.

ಅತ್ತದ್ದು ಸಾಕು ಗೆಳತಿ, ಮುಖ ತೊಳೆದುಕೋ
ಹೊತ್ತೇರಿ ಬಂತು ಗೆಳತಿ, ತಲೆ ಬಾಚಿಕೋ
ಹೋದವನ ಹೆಜ್ಜೆಯನು ಎಣಿಸಿ ಫಲವೇನು?
ನಿನ್ನ ಕಾಲಿಗೂ ದಾರಿಯಿದೆ, ನಡೆದುಕೋ

ಏನು ಮಹಾ ಸಾಹಿತ್ಯ ಎನ್ನುತ್ತೀರೇನೋ. ಅವಳ ಗಂಟಲಲ್ಲಿ ಕೇಳಬೇಕಿತ್ತು ನೀವು. ನಾನು ಹಿಟ್ಟು ಬೀಸುವಾಗ, ಪಾತ್ರೆ ಬೆಳಗುವಾಗ ಬಾಯಿ ಮುಚ್ಚಿಕೊಂಡು ಒಳಗೊಳಗೇ ಹಾಡಿಕೊಳ್ಳುತ್ತಿದ್ದೆ. ಆದರೆ ಹಾಡಿಕೊಂಡರೆ ಆಗುವುದೇನು? ದಾರಿಯಿದೆ ಎಂದು ಹಾಡು ಹೇಳುತ್ತಿತ್ತು, ದಾರಿ ಎಲ್ಲಿದೆ ಎಂದು ಹೇಳುತ್ತಿರಲಿಲ್ಲ. ಹಿತ್ತಲಿಂದ ಓಣಿಗೆ ಇಳಿಯುವ ಬಾಗಿಲಿಗೆ ಅಪ್ಪ ಆ ವಾರ ಬೀಗವನ್ನೂ ಹಾಕಿಸಿದ್ದ.

ಸಂತೆಯ ದಿನ ಮಧ್ಯಾಹ್ನ ಕಂಪನಿಯವರು ಹೆಂಗಸರಿಗಾಗಿಯೇ ಒಂದು ಆಟ ಇಟ್ಟಿದ್ದರು. ಸಂತೆಗೆ ಬಂದ ಹಳ್ಳಿ ಹೆಂಗಸರೂ ನೋಡಿಕೊಂಡು ಹೋಗಲಿ ಎಂದು. ಹೊಸ ಹಾಡನ್ನು ಆ ಆಟದಲ್ಲೇ ಹಾಡುತ್ತೇನೆ ಎಂದು ಚಂಪಾಬಾಯಿ ಬೆಳಿಗ್ಗೆ ಹೇಳಿದಳು. ಮಾಲಕರಿಗೆ ಹೇಳಿಲ್ಲ, ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರಿಗೂ ಹೇಳಿಲ್ಲ. ಮಟ್ಟು ಅದೇ ಆದ್ದರಿಂದ ಅವರು ಪೇಟಿ ಒತ್ತುತ್ತಲೇ ಇರುತ್ತಾರೆ.

"ಹಾಡೂದು ದೊಡ್ಡದಲ್ಲ. ಉಳಿಯೂದು ದೊಡ್ಡದು," ಎಂದಳು. "ವನ್ಸ್ ಮೋರ್ ಬಿದ್ದರ ಮಾಲಕರ ಕೈಯಾಗೂ ಏನೂ ಇಲ್ಲ. ಬೀಳಲಿಲ್ಲ ಅಂದ್ರ ನಾಳೆಯಿಂದ ಮತ್ತ ಅದ ಕಾಲು, ಅದ ಅಳು. ಹೆಂಗಸರು ವನ್ಸ್ ಮೋರ್ ಅಂತಾರೇನು? ನಾ ಹುಟ್ಟಿದಾಗಿಂದ ಕೇಳಿಲ್ಲ."

ನಿಜ. ಗಂಡಸರು ಸೀಟಿ ಹೊಡೆಯುತ್ತಾರೆ, ಕೂಗುತ್ತಾರೆ. ಹೆಂಗಸರು ನಾಟಕ ನೋಡಿದರೆ ಮೂಗು ಒರೆಸಿಕೊಳ್ಳುತ್ತಾರೆ, ಅಷ್ಟೇ. ನಾಲ್ಕು ಜನರ ನಡುವೆ ದನಿ ಎತ್ತುವ ಹೆಂಗಸು ಯಾವ ಜಾತಿಯವಳು ಎಂದು ಕೇಳುವ ಕಾಲ ಅದು.

"ನಾನು ಬರೋಕೆ ಆಗಲ್ಲ. ಅತ್ತೆ ಬರ್ತಾರೆ ಇವತ್ತು," ಎಂದೆ.

ಆದರೆ ನಮ್ಮಪ್ಪ ಇದ್ದಾನಲ್ಲ! ಬೀಗರು ಶಿರಾಳಕೊಪ್ಪಕ್ಕೆ ಬಂದು ನಾಟಕ ನೋಡದೆ ಹೋಗುವುದುಂಟೆ? ಆ ಸುಗ್ಗಿಯಲ್ಲಿ ಮನೆಗೆ ಬಂದ ನೆಂಟರಿಗೆ ಹೋಳಿಗೆ ಎಷ್ಟು ಮುಖ್ಯವೋ ನಾಟಕವೂ ಅಷ್ಟೇ ಮುಖ್ಯವಾಗಿತ್ತು. ಮಳಿಗೆ ಕೊಟ್ಟ ಮನೆಯವರೆಂದು ಮಾಲಕರು ಪಾಸು ಬೇರೆ ಕಳಿಸಿದ್ದರು. ಅತ್ತೆ ಗಾಡಿ ಇಳಿದು, ಕಾಲು ತೊಳೆದು, ಊಟ ಮಾಡಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಂತೆ ಅಪ್ಪ ಒಳಗೆ ಬಂದು ಅವ್ವನಿಗೆ ಹೇಳಿದ.

"ಬೀಗಿತೀನ ಆಟಕ್ಕೆ ಕರ್ಕೊಂಡ್ಹೋಗು. ಇವಳನ್ನೂ ಕರ್ಕೋ."

"ಇವಳು ಯಾಕ್ರಿ?" ಅವ್ವ ಅನುಮಾನಿಸಿದಳು.

"ಪತಿಭಕ್ತಿ ನಾಟಕ ಕಣೆ. ಕೊನೇಗೆ ಗಂಡನ ಕಾಲು ತೊಳೀತಾಳೆ. ನೋಡ್ಲಿ, ನಾಳೆ ಹೋಗೋಳು. ನಾವು ಹೇಳಿದ್ರೆ ತಲೆಗೆ ಹೋಗದಿದ್ದು ನಾಟಕದವ್ರು ಹೇಳಿದ್ರೆ ಹೋಗ್ತದೆ."

ಪಾಪ, ಅವನ ಲೆಕ್ಕ ಸರಿಯಾಗಿಯೇ ಇತ್ತು. ಹಾಡು ಬದಲಾದದ್ದು ಅವನಿಗೆ ಹೇಗೆ ಗೊತ್ತಾಗಬೇಕು!

ಅಷ್ಟು ತಿಂಗಳ ಮೇಲೆ ನಾನು ಬೀದಿಗೆ ಕಾಲಿಟ್ಟದ್ದು ಹಾಗೆ. ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಥೇಟರಿನ ತಗಡು ಕಾದು ಒಳಗೆ ಬಾಣಲೆಯ ಹಾಗಿತ್ತು. ಅತ್ತೆಯನ್ನೂ ಅವ್ವನನ್ನೂ ಮುಂದಿನ ಸಾಲಿನ ಕುರ್ಚಿಗಳಲ್ಲಿ ದೊಡ್ಡ ಮನೆಯ ಹೆಂಗಸರ ಜೊತೆ ಕೂರಿಸಿದರು. ನನಗೆ ಹಿಂದಿನ ಬೆಂಚಿನ ತುದಿ ಸಿಕ್ಕಿತು. ಸುತ್ತಲೂ ಸಂತೆಯಿಂದ ಬಂದ ಹೆಂಗಸರು, ಕಾಲಡಿಯಲ್ಲಿ ತರಕಾರಿ ಚೀಲ, ಮಡಿಲಲ್ಲಿ ಮಕ್ಕಳು. ಎಲ್ಲರ ಮೈಯಿಂದ ಬೆವರು ಮತ್ತು ಕೊತ್ತಂಬರಿಯ ವಾಸನೆ.

ನಾಟಕ ನಡೆಯಿತು. ಏನು ನೋಡಿದೆನೋ ನನಗೆ ನೆನಪಿಲ್ಲ. ನಾಳೆ ಈ ಹೊತ್ತಿಗೆ ನಾನು ಆ ಅಡುಗೆಮನೆಯಲ್ಲಿರುತ್ತೇನೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕಡೆಯ ಅಂಕ ಬಂತು. ನಾಯಕ ಬಂದು ಕುರ್ಚಿಯಲ್ಲಿ ಕೂತು ಎರಡೂ ಕಾಲುಗಳನ್ನು ಮಣೆಯ ಮೇಲೆ ಚಾಚಿದ. ಪಕ್ಕದಲ್ಲಿ ತಂಬಿಗೆ, ತಟ್ಟೆ. ಪೇಟಿ ಮಾಸ್ತರರು ಅಳುವ ಹಾಡಿನ ಸ್ವರ ಹಿಡಿದರು. ನನ್ನ ಪಕ್ಕದ ಹೆಂಗಸರೆಲ್ಲ ಮೊದಲೇ ಸೆರಗನ್ನು ಕಣ್ಣಿನ ಹತ್ತಿರ ತಂದು ತಯಾರಾಗಿ ಕೂತರು.

ಚಂಪಾಬಾಯಿ ಅವನ ಕಡೆ ತಿರುಗಲಿಲ್ಲ. ನಮ್ಮ ಕಡೆ ತಿರುಗಿದಳು. "ಅತ್ತದ್ದು ಸಾಕು ಗೆಳತಿ" ಎಂದು ಶುರುಮಾಡಿದಳು, ಮೆಲ್ಲಗೆ, ಬಾವಿಕಟ್ಟೆಯಲ್ಲಿ ಹಾಡಿದಷ್ಟೇ ಮೆಲ್ಲಗೆ. ಸೆರಗುಗಳು ಅರ್ಧ ದಾರಿಯಲ್ಲಿ ನಿಂತವು. ಅವಳು ತಂಬಿಗೆ ಎತ್ತಿಕೊಂಡಳು. ಅವನು ಕಾಲನ್ನು ಇನ್ನಷ್ಟು ಮುಂದೆ ಚಾಚಿದ. ಅವಳು ಅವನಿಗೆ ಬೆನ್ನು ಹಾಕಿ ನಿಂತು ಆ ನೀರಿನಿಂದ ತನ್ನ ಮುಖ ತೊಳೆದುಕೊಂಡಳು. ಬಿಳಿ ಬಣ್ಣ ಗೆರೆಗೆರೆಯಾಗಿ ಕುತ್ತಿಗೆಗೆ ಇಳಿಯಿತು. ಸೆರಗಿನಿಂದ ಒರೆಸಿಕೊಂಡಳು. ಅವಳ ಸ್ವಂತ ಮುಖ, ಕಪ್ಪು ಮುಖ, ಅಗಲ ಬಾಯಿ ನಮ್ಮೆಲ್ಲರ ಎದುರಿಗೆ ಬಂತು.

ಯಾರೋ ಕಿಸಕ್ಕನೆ ನಕ್ಕರು. ಕುರ್ಚಿಯಲ್ಲಿದ್ದವನು ಕಾಲು ಎಳೆದುಕೊಳ್ಳಬೇಕೋ ಹಾಗೇ ಇಡಬೇಕೋ ತಿಳಿಯದೆ ಮಣೆಯ ಮೇಲೆ ಬೆರಳು ಆಡಿಸುತ್ತಿದ್ದ. ಪೇಟಿ ಮಾಸ್ತರರ ಬಾಯಿ ತೆರೆದುಕೊಂಡಿತ್ತು, ಕೈ ಮಾತ್ರ ನಡೆಯುತ್ತಿತ್ತು. ತಬಲದವನಿಗೆ ಏನನ್ನಿಸಿತೋ, ನಡೆ ಚುರುಕು ಮಾಡಿದ. ಅದೇ ಧಾಟಿ ಎದ್ದು ಕುಣಿಯತೊಡಗಿತು. "ನಿನ್ನ ಕಾಲಿಗೂ ದಾರಿಯಿದೆ, ನಡೆದುಕೋ" ಎಂದು ಅವಳು ದನಿ ಏರಿಸಿದಾಗ ತಗಡು ಜುಂ ಎಂದಿತು.

ಹಾಡು ಮುಗಿಯಿತು. ಚಪ್ಪಾಳೆ ಇಲ್ಲ, ಅಳು ಇಲ್ಲ. ಪಕ್ಕದ ಪರದೆಯ ಸಂದಿಯಲ್ಲಿ ಮಾಲಕರು ನಿಂತಿದ್ದರು, ಮುಖ ಕೆಂಡದಂತಾಗಿತ್ತು. ಪರದೆ ಎಳೆಯುವವನಿಗೆ ಬಿಡು ಎಂದು ಸನ್ನೆ ಮಾಡಿದರು. ಪರದೆ ಬಿದ್ದರೆ ಮುಗಿಯಿತು. ಚಂಪಾಬಾಯಿ ಕೈಕಟ್ಟಿ ನಿಂತು ನಮ್ಮನ್ನು ನೋಡುತ್ತಿದ್ದಳು. ಬೇಡುವಂತೆ ಅಲ್ಲ, ಸುಮ್ಮನೆ ನೋಡುತ್ತಿದ್ದಳು.

ನಾನು ಬೆಂಚಿನಿಂದ ಎದ್ದು ನಿಂತೆ. ಹೇಗೆ ಎದ್ದೆನೋ ಶಿವನಿಗೇ ಗೊತ್ತು.

"ವನ್ಸ್ ಮೋರ್!"

ಆ ಮಾತು ಅದಕ್ಕೆ ಮೊದಲು ನನ್ನ ಬಾಯಲ್ಲಿ ಬಂದದ್ದೇ ಇಲ್ಲ. ದನಿ ಒಡೆದು ಹೋಯಿತು. ಥೇಟರಿಗೆ ಥೇಟರೇ ತಿರುಗಿ ನೋಡಿತು. ಮುಂದಿನ ಸಾಲಿನಲ್ಲಿ ಅವ್ವ ತಿರುಗಿದಳು, ಮುಖದಲ್ಲಿ ರಕ್ತವಿರಲಿಲ್ಲ. ಅವಳ ಪಕ್ಕದಲ್ಲಿ ಅತ್ತೆ ತಿರುಗಿದರು. ನಮ್ಮಿಬ್ಬರ ಕಣ್ಣು ಕೂಡಿದವು. ಇವತ್ತೇ ನನ್ನ ಕೊನೆ ಅಂದುಕೊಂಡೆ. ಅಂದುಕೊಂಡೂ ಕೂರಲಿಲ್ಲ, ಕೂರಲು ಮೈ ಕೇಳಲಿಲ್ಲ. ಅತ್ತೆ ನಿಧಾನವಾಗಿ ಮತ್ತೆ ರಂಗದ ಕಡೆ ತಿರುಗಿ, ಸೆರಗು ತಲೆಯ ಮೇಲೆ ಎಳೆದುಕೊಂಡರು.

ಆಗ ಮುಂದಿನಿಂದ ಇನ್ನೊಂದು ಕೂಗು ಬಂತು. ಒಣಗಿದ, ಕರ್ಕಶವಾದ ದನಿ, ಎಷ್ಟೋ ವರ್ಷ ಮುಚ್ಚಿದ ಬಾಗಿಲು ತೆಗೆದ ಹಾಗೆ. ಯಾರೆಂದು ಕಾಣಲಿಲ್ಲ. ಅದರ ಹಿಂದೆಯೇ ತರಕಾರಿ ಚೀಲದ ಹೆಂಗಸೊಬ್ಬಳು ಕೂಗಿದಳು. ಆಮೇಲೆ ಕೇಳಬೇಡಿ! ಬೆಂಚು ಬೆಂಚೇ ಎದ್ದು ನಿಂತಿತು. ಮಕ್ಕಳು ಎಚ್ಚರಗೊಂಡು ಅಳತೊಡಗಿದವು. ಮಾಲಕರು ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ದೇವರ ಅಪ್ಪಣೆ ಎಂದು ಊರೂರಿಗೆ ಹೇಳಿಕೊಂಡು ಬಂದ ಮನುಷ್ಯ, ಈಗ ಬೇಡ ಅನ್ನುವುದು ಹೇಗೆ? ಚಂಪಾಬಾಯಿ ಮತ್ತೆ ಹಾಡಿದಳು. ಮುಗಿಸಿ ಇನ್ನೊಮ್ಮೆ ಹಾಡಿದಳು. ನಾವು ನಿಂತೇ ಕೇಳಿದೆವು.

ಆ ಹಾಡು ಉಳಿಯಿತು. ಮಾಲಕರ ಬುದ್ಧಿವಂತಿಕೆ ಎಂಥದೆಂದರೆ, ಮುಂದಿನ ವಾರ ಡಂಗುರದಲ್ಲೇ ಅದನ್ನು ಕೂಗಿಸಿದರು, "ಬನ್ನಿ, ನೋಡಿ, ಮುಖ ತೊಳೆಯುವ ಹಾಡು!" ಎಂದು. ಗಂಡಸರೂ ವನ್ಸ್ ಮೋರ್ ಅಂದರು. ಪೇಟೆಯ ಬಾವಿಗಳಲ್ಲಿ, ಗದ್ದೆಯ ಬದುಗಳಲ್ಲಿ ಹೆಂಗಸರು ಅದನ್ನೇ ಗುನುಗಿದರು. ಅವಳು ಆಮೇಲೆ ಅವನ ಕಾಲು ಮುಟ್ಟಲಿಲ್ಲ, ಅದೊಂದು ಗೆದ್ದಳು. ಆದರೂ ದಿನಾ ಅವನ ಎದುರಿಗೇ ನಿಲ್ಲಬೇಕಿತ್ತು. "ಅತ್ತರೂ ಅವರಿಗೇ ತಿಕೀಟು, ನಕ್ಕರೂ ಅವರಿಗೇ ತಿಕೀಟು," ಎಂದು ಬಾವಿಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. ಮುಂಗಾರಿನ ಮೊದಲ ಮಳೆಗೆ ಕಂಪನಿ ತಗಡು ಬಿಚ್ಚಿಕೊಂಡು ಹೊರಟಿತು. ಹೋಗುವಾಗ ಚಂಪಾಬಾಯಿ ನನ್ನ ಕೆನ್ನೆ ಹಿಂಡಿದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ. ನಾನು ಅದೇ ವರ್ಷ ಶಿಕಾರಿಪುರಕ್ಕೆ ಹೋಗಿ ಹೊಲಿಗೆ ಕಲಿತು, ಆಮೇಲೆ ಅಲ್ಲಿಯ ಹುಡುಗಿಯರಿಗೆ ಕಲಿಸುತ್ತ ಮುದುಕಿಯಾದೆ.

ಹೌದು, ನನ್ನ ಉಡಿ ಆ ಮರುದಿನ ಬೆಳಿಗ್ಗೆ ತುಂಬಲಿಲ್ಲ. ಅದು ಹೇಗಾಯಿತು ಎಂದು ಹೇಳುತ್ತೇನೆ.

ಆಟ ಬಿಟ್ಟ ಮೇಲೆ ಅತ್ತೆ ಎಲ್ಲರಿಗಿಂತ ಮುಂದೆ ನಡೆದರು. ಅಂಗಡಿಯ ಮುಂದೆ ಬಂದವರೇ ಒಳಗೂ ಕಾಲಿಡದೆ ತಮ್ಮ ಗಾಡಿಯವನಿಗೆ, "ಎತ್ತು ಕಟ್ಟೋ," ಎಂದರು. ಅಪ್ಪ ಅಂಗಡಿಯಿಂದ ಓಡಿ ಬಂದ. ಇನ್ನೂ ಹೊತ್ತು ಮುಳುಗಿರಲಿಲ್ಲ, ಸಂತೆಯ ಜನ ಬೀದಿಯ ತುಂಬ ಇದ್ದರು. ಅವರೆಲ್ಲರ ಮುಂದೆ ಅತ್ತೆ ಗಟ್ಟಿಯಾಗಿ ಹೇಳಿದರು.

"ನಿಮ್ಮ ಮಗಳನ್ನ ನೀವೇ ಇಟ್ಕಳಿ. ಅಷ್ಟು ಜನದ ನಡುವೆ ಎದ್ದು ನಿಂತು ಬಾಯಿ ಮಾಡೋ ಹೆಂಗ್ಸು ನಮ್ಮನಿಗೆ ಬ್ಯಾಡ. ಇವತ್ತಿಗೆ ಋಣ ಹರೀತು."

"ಬೀಗಿತಿ, ಚಿಕ್ಕೋಳು, ತಪ್ಪಾತು, ನಿಮ್ ಕಾಲಿಗೆ ಬೀಳ್ತಾಳೆ," ಎಂದು ಅಪ್ಪ ಗೋಗರೆದ. ಅವ್ವ ಬಾಗಿಲಿಗೆ ಒರಗಿ ಬಿಕ್ಕುತ್ತಿದ್ದಳು. ಅತ್ತೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿಯ ಹತ್ತಿರ ಹೋಗಿ, "ಏ, ಬಾರೆ ಇಲ್ಲಿ. ಹತ್ತಕ್ಕೆ ಕೈ ಕೊಡು. ಅಷ್ಟಾದ್ರೂ ಮಾಡು," ಎಂದು ನನ್ನನ್ನು ಗದರಿದರು.

ನಾನು ಹೋಗಿ ಕೈ ಕೊಟ್ಟೆ. ಅವರು ಹತ್ತಲಿಲ್ಲ. ನನ್ನ ಮಣಿಕಟ್ಟು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದು, ನನ್ನ ಕಿವಿಯ ಹತ್ತಿರ ಬಾಯಿ ತಂದರು. ಎಲೆಯಡಿಕೆಯ ವಾಸನೆಯ ಬಿಸಿ ಉಸಿರು.

"ಎರಡನೇ ಸಲ ಕೂಗಿದ್ದು ನಾನೇ ಕಣೆ," ಎಂದರು. "ಇನ್ಮೇಲೆ ನಾನೇ ಬಂದು ಕರೆದ್ರೂ ಬರಬ್ಯಾಡ."

ಅಷ್ಟು ಹೇಳಿ ಗಾಡಿ ಹತ್ತಿ ಕೂತರು. ಬೀದಿಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ನನ್ನನ್ನು ಬೈಯುತ್ತ, ಅತ್ತೆ ಮತ್ತೆ ಆ ಮನೆಗೇ ಹೊರಟರು.